ಸೋತ ಅರ್ಥಧಾರಿ

ಕಳೆದ ಶನಿವಾರ ಶಿರಸಿ ಹತ್ರ ಒಂದು ತಾಳಮದ್ದಲೆಗೆ ಹೋಗಿದ್ದೆ, ಅದೇ ವೇಷ-ಕುಣಿತ ಇಲ್ದೆ ಅರ್ಥಧಾರಿಗಳು ಕೂತು ಮಾತಲ್ಲೇ ವಾದ ಮಾಡೋ ಯಕ್ಷಗಾನ; ಕೃಷ್ಣ ಸಂಧಾನ ಪ್ರಸಂಗ. ಕೌರವನ ಅರ್ಥ ಹೇಳಿದವ್ರು ಎಂಥಾ ವಾದ ಮಾಡಿದ್ರು ಅಂದ್ರೆ, ಸಂಧಾನ ಮುರಿದದ್ದು ಕೃಷ್ಣನ ತಪ್ಪೇ ಏನೋ ಅನ್ನಿಸ್ಬಿಡ್ತು. ರಾತ್ರಿ ಬೈಕಲ್ಲಿ ವಾಪಸ್ ಬರ್ತಾ ನಂಗೆ ನೆನಪಾದದ್ದು ಅಬ್ರಹಾಂ ಲಿಂಕನ್. ನಗ್ಬೇಡಿ.

1858ರಲ್ಲಿ ಸೆನೆಟ್ ಅನ್ನೋ ಅಮೆರಿಕದ ಮೇಲ್ಮನೆ ಸೀಟಿಗಾಗಿ ಲಿಂಕನ್, ಸ್ಟೀಫನ್ ಡಗ್ಲಸ್ ಇಬ್ರೂ ಇಲಿನಾಯ್ ರಾಜ್ಯದ ಏಳು ಊರಲ್ಲಿ ಎದುರುಬದುರು ನಿಂತು ವಾದ ಮಾಡಿದ್ರು. ಒಬ್ಬ ಒಂದು ತಾಸು ಮಾತಾಡ್ಬೇಕು, ಇನ್ನೊಬ್ಬ ಒಂದೂವರೆ ತಾಸು, ಆಮೇಲೆ ಮೊದಲಿನವನಿಗೆ ಮತ್ತೆ ಅರ್ಧ ತಾಸು. ಮೈಕಿಲ್ಲ, ಬಿಸಿಲಲ್ಲಿ ಸಾವಿರಗಟ್ಟಲೆ ಜನ ನಿಂತು ಕೇಳಿದ್ದು! ಡಗ್ಲಸ್ ಕುಳ್ಳ, ಆದ್ರೆ ದೇಶಕ್ಕೇ ಗೊತ್ತಿದ್ದ ಸೆನೆಟರ್. ಲಿಂಕನ್ ತೆಂಗಿನಮರದ ಹಾಗೆ ಉದ್ದ, ಕೀರಲು ದನಿ, ಹಿಂದೆ ಒಂದೇ ಅವಧಿಗೆ ಕಾಂಗ್ರೆಸ್ಸಿಗೆ, ಅಂದ್ರೆ ಅಲ್ಲಿಯ ಸಂಸತ್ತಿಗೆ, ಹೋಗಿ ಬಂದು ವಕೀಲಿಕೆ ಮಾಡ್ಕೊಂಡಿದ್ದವ. ಮತ್ತೆ ರಾಜಕೀಯಕ್ಕೆ ಎಳೆದದ್ದೂ ಡಗ್ಲಸ್ಸೇ, 1854ರಲ್ಲಿ ಕಾನ್ಸಾಸ್-ನೆಬ್ರಾಸ್ಕ ಕಾಯ್ದೆ ತಂದು ಹೊಸ ಪ್ರದೇಶಗಳಿಗೂ ಗುಲಾಮಗಿರಿ ಹಬ್ಬೋ ದಾರಿ ತೆರೆದ, ಲಿಂಕನ್ ಅದನ್ನ ವಿರೋಧಿಸಿ ಎದ್ದ.

ಆದ್ರೆ ಚಾರ್ಲ್‌ಸ್ಟನ್ ಅನ್ನೋ ಊರಲ್ಲಿ ಇದೇ ಲಿಂಕನ್, ಕರಿಯರಿಗೆ ಸಾಮಾಜಿಕ-ರಾಜಕೀಯ ಸಮಾನತೆ ಕೊಡ್ಬೇಕು ಅಂತ ನಾನೇನೂ ಹೇಳ್ತಿಲ್ಲ ಅಂದಿದ್ದ. ವೋಟಿಗಾಗಿ ಹೇಳಿದ್ದು ಅಂತಾರೆ, ಇರಬಹುದು. ಯಲ್ಲಾಪುರ ಕಡೆ ನಂಗೊಬ್ಬ ಸಿದ್ದಿ ದೋಸ್ತ್ ಇದ್ದಾನೆ, ಅವನ ಹಿರಿಯರನ್ನ ಪೋರ್ಚುಗೀಸರು ಆಫ್ರಿಕಾದಿಂದ ಹಿಡಿದು ತಂದದ್ದು. ಇದನ್ನ ಹೇಳಿದ್ರೆ ಕವಳ ಉಗುಳಿ ಬಂದು, "ಎಲೆಕ್ಷನ್ ಟೈಮಲ್ಲಿ ಎಲ್ಲರೂ ಹಂಗೇ ಮಾರಾಯಾ" ಅಂದ, ಅಷ್ಟೇ.

ಫಲಿತಾಂಶ? ಆಗ ಸೆನೆಟರ್ ಆರಿಸೋದು ಶಾಸಕರು, ನಮ್ಮ ರಾಜ್ಯಸಭೆ ಥರ. ಡಗ್ಲಸ್ 54, ಲಿಂಕನ್ 46. ಆದ್ರೆ ಸೋತವ ಸುಮ್ನೆ ಕೂರಲಿಲ್ಲ, ಎರಡೂ ಕಡೆಯ ಭಾಷಣಗಳ ಪೇಪರ್ ಕಟಿಂಗ್ ಅಂಟಿಸಿ ಇಟ್ಕೊಂಡು 1860ರಲ್ಲಿ ಪುಸ್ತಕ ಮಾಡಿಸಿದ. ಆಟ ಸೋತವನೇ ಕ್ಯಾಸೆಟ್ ಮಾಡಿ ಊರೆಲ್ಲ ಹಂಚಿದ ಹಾಗಾಯ್ತು.

ನಂಗೆ ತುಂಬಾ ಇಷ್ಟ ಆಗೋದು ಅದಕ್ಕೂ ಹಿಂದಿಂದು, 1855ರ ಸೆನೆಟ್ ಆಯ್ಕೆ. ಮೊದಲ ಸುತ್ತಲ್ಲಿ ಲಿಂಕನ್ನೇ ಮುಂದೆ, ಅವನ ಹಾಗೇ ಗುಲಾಮಗಿರಿ ವಿಸ್ತರಣೆ ಬೇಡ ಅಂತಿದ್ದ ಟ್ರಂಬಲ್ ಅನ್ನೋವನಿಗೆ ಬರೀ 5. ಆ ಐದು ಜನ ಜಪ್ಪಯ್ಯ ಅಂದ್ರೂ ಅಲುಗಾಡ್ಲಿಲ್ಲ. ಸುತ್ತು ಮೇಲೆ ಸುತ್ತಾಗಿ ಲಿಂಕನ್ ವೋಟು ಕರಗ್ತಾ ಬಂದು, ಗುಲಾಮಗಿರಿ ವಿಸ್ತರಣೆಗೆ ಅಡ್ಡ ಬರದವನೇ ಗೆದ್ದುಬಿಡ್ತಾನೆ ಅನ್ನೋ ಹೊತ್ತಿಗೆ, ಉಳಿದ ವೋಟೆಲ್ಲ ಟ್ರಂಬಲ್‌ಗೇ ಹಾಕಿ ಅಂದ. ಹೊಟ್ಟೆ ಉರಿದಿರುತ್ತೆ ಬಿಡಿ, ನಮ್ಮಲ್ಲಿ ಸೊಸೈಟಿ ಎಲೆಕ್ಷನ್ನಲ್ಲೂ ಯಾರೂ ಹಿಂಗೆ ಮಾಡಲ್ಲ. ಆ ಐವರಲ್ಲಿ ಒಬ್ಬ ನಾರ್ಮನ್ ಜಡ್. 1860ರಲ್ಲಿ ರಿಪಬ್ಲಿಕನ್ ಪಕ್ಷದ ಶಿಕಾಗೊ ಸಮಾವೇಶದಲ್ಲಿ ಅಧ್ಯಕ್ಷ ಹುದ್ದೆಗೆ ಲಿಂಕನ್ ಹೆಸರು ಸೂಚಿಸಿದ್ದು ಅದೇ ಜಡ್! ಮೂರನೇ ಸುತ್ತಿಗೆ ಸೀವಾರ್ಡ್ ಥರದ ಘಟಾನುಘಟಿ ಔಟ್.

ನವೆಂಬರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ, ಜನರ ವೋಟು ನೂರಕ್ಕೆ ನಲವತ್ತೂ ಇಲ್ಲ. ಪ್ರಮಾಣವಚನಕ್ಕೆ ಮುಂಚೆನೇ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಎದ್ದು ಹೋದ್ವು, 1861ರ ಏಪ್ರಿಲಲ್ಲಿ ಯುದ್ಧ. ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಮಿಲ್ಲುಗಳ ಕಣ್ಣು ಬಿದ್ದದ್ದು ನಮ್ಮ ಕಡೆ, ಧಾರವಾಡದ ಹತ್ತಿ ಎತ್ತಿನಗಾಡಿ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ. ನಮ್ಮ ಅಜ್ಜಿಮನೆ ಕುಮಟಾದಲ್ಲೇ, ಈಗ ಆ ಕಡೆ ಹೋದ್ರೆ ಬರೀ ಮೀನಿನ ದೋಣಿ ಕಾಣ್ತವೆ.