ಅಕ್ಟೋಬರ್ ಕಳೆದ ಮೇಲಿನ ಜಪಸರ

ಅಕ್ಟೋಬರ್ ತಿಂಗಳಲ್ಲಿ ಮಣಿ ಎಣಿಸುತ್ತ ಜಪಸರ (ರೋಸರಿ) ಹೇಳುವುದಕ್ಕೆ ಭಕ್ತಿಯೇ ಬೇಕೆಂದಿಲ್ಲ, ಊರೇ ಹೇಳಿಸುತ್ತದೆ. ಅದು ಯೇಸುವಿನ ತಾಯಿ ಮರಿಯಮ್ಮನ ಜಪಸರದ ತಿಂಗಳು, 7ನೇ ತಾರೀಕು ಹಬ್ಬ. ಮಂಗಳೂರು ಕಡೆಯ ಚರ್ಚುಗಳಲ್ಲಿ ವಾರ್ಡಿನ ಮುಖಂಡರಾದ ಗುರ್ಕಾರರು ಇಂದು ಇವರ ಮನೆ, ನಾಳೆ ಅವರ ಮನೆ ಎಂದು ಪಾಳಿ ಹಾಕುತ್ತಾರೆ. ಯಾರದೋ ಜಗುಲಿಯಲ್ಲಿ ಮರಿಯಮ್ಮನ ಪ್ರತಿಮೆಗೆ ಮಲ್ಲಿಗೆ ಮುಡಿಸಿ, ಅಕ್ಕಪಕ್ಕದವರೆಲ್ಲ ಚಾಪೆಯ ಮೇಲೆ ಮೊಣಕಾಲೂರಿ, ಮುಗಿದ ಮೇಲೆ ಚಹಾ ಕುಡಿದು ಮನೆಗೆ ಹೋಗುತ್ತಾರೆ. ಹೋಗದಿದ್ದರೆ ಮರುದಿನ ಮೀನು ಮಾರುಕಟ್ಟೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ತಿಂಗಳು ಕಳೆಯುತ್ತದೆ. ನವೆಂಬರ್ 1 ಸಕಲ ಸಂತರ ಹಬ್ಬ, 2 ಮೃತರ ಸ್ಮರಣೆಯ ದಿನ. ಸಮಾಧಿಗಳ ಹುಲ್ಲು ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಬರುತ್ತೇವೆ. ಆಮೇಲೆ ಸಂಜೆ ಏಳು ಗಂಟೆಯನ್ನು ಕೇಳುವವರಿಲ್ಲ. ಒಬ್ಬಳಿಗೆ ಟ್ಯೂಷನ್, ಒಬ್ಬನಿಗೆ ಕ್ರಿಕೆಟ್, ಯಜಮಾನರ ಬಸ್ಸು ಇನ್ನೂ ಪಂಪ್‌ವೆಲ್ ದಾಟಿಲ್ಲ, ಒಲೆಯ ಮೇಲೆ ಕುಚ್ಚಲಕ್ಕಿ. ನಿತ್ಯದ ಭಕ್ತಿಯ ಲೆಕ್ಕ ಶುರುವಾಗುವುದು ನವೆಂಬರ್ ಮೂರರ ಸಂಜೆಯಿಂದ ಎಂದು ನನ್ನ ಅಭಿಪ್ರಾಯ. ಹಬ್ಬದ ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾಕ್ಕೆ ಹರಕೆ ಹೊತ್ತು ಹೋಗುವವರ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಆದರೆ ಅಲ್ಲಿ ಜನಸಾಗರವೇ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಮನೆಯ ದೇವರ ಗೂಡಿನ ಮುಂದೆ ನಮ್ಮ ಮೊಣಕಾಲನ್ನು ನಾವೇ ಮಡಚಬೇಕು.

ನಮ್ಮ ಮನೆಯಲ್ಲಿ ಅದು ನಡೆಯುವ ಬಗೆ ಹೀಗೆ. ಶಿಲುಬೆಯ ಕೆಳಗಿನ ಸಣ್ಣ ದೀಪ ಹಚ್ಚಿ, ಅತ್ತೆ ಹಳೆಯ ಮಣಿಸರವನ್ನು ಸೆರಗಿನ ತುದಿಯಲ್ಲಿ ಒಮ್ಮೆ ಒರೆಸಿ ಶಿಲುಬೆಯ ಗುರುತು ಹಾಕುತ್ತಾರೆ. ಐದು ರಹಸ್ಯಗಳು, ಅಂದರೆ ಯೇಸು ಮತ್ತು ಮರಿಯಮ್ಮನ ಬದುಕಿನಿಂದ ಧ್ಯಾನಿಸುವ ಐದು ಘಟನೆಗಳು. ಒಂದೊಂದಕ್ಕೂ ಹತ್ತು 'ನಮಾನ್ ಮರಿಯೆ' (ಮರಿಯಮ್ಮನಿಗೆ ನಮಿಸುವ ಕೊಂಕಣಿ ಪ್ರಾರ್ಥನೆ), ಪೀಠಿಕೆಯ ಮೂರು ಸೇರಿ ಒಟ್ಟು 53. ಮೊದಲರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಮಿಕ್ಕವರು ಹೇಳಬೇಕು. ಎರಡನೆಯ ರಹಸ್ಯ ದೊಡ್ಡವಳದು, ಮೂರನೆಯದು ಸಣ್ಣವನದು. ಅವನು ಎಂಟಕ್ಕೇ ನಿಲ್ಲಿಸಲು ನೋಡುತ್ತಾನೆ, ಮಣಿ ಹಿಡಿಯದೆ ಬೆರಳಿನಲ್ಲಿ ಎಣಿಸುವುದರ ಲಾಭ ಅದು. ಅತ್ತೆ ಕಣ್ಣು ತೆರೆಯದೆಯೇ "ಇನ್ನೆರಡು" ಎನ್ನುತ್ತಾರೆ. ನಾಲ್ಕನೆಯದರ ಹೊತ್ತಿಗೆ ಕುಕ್ಕರ್ ಕೂಗುತ್ತದೆ. ಸೊಳ್ಳೆ ಹೊಡೆಯುವ ಚಟಪಟ ಉದ್ದಕ್ಕೂ ಇದ್ದದ್ದೇ.

ಇದರಲ್ಲಿ ಭಕ್ತಿ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಬಾಯಿ ಹೇಳುತ್ತದೆ, ಮನಸ್ಸು ನಾಳೆಯ ಇಡ್ಲಿ ಹಿಟ್ಟಿನಲ್ಲಿದೆ, ಇಂಥ ಪ್ರಾರ್ಥನೆ ದೇವರಿಗೆ ತಲುಪೀತೇ? ನಮ್ಮ ಸಂತರು ಇದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರಿಸಿದ್ದಾರೆ, ನಾವು ಓದುವುದಿಲ್ಲ ಅಷ್ಟೆ. ಪ್ರಾರ್ಥನೆಯ ವಿಷಯದಲ್ಲಿ ಗುರುವೆನಿಸಿದ ಆವಿಲಾದ ಸಂತ ತೆರೇಸಾ (1515–1582) ಕೆಲವು ವರ್ಷ ತಾನು ಪ್ರಾರ್ಥನೆಗೆ ಕುಳಿತು ಗಡಿಯಾರ ಯಾವಾಗ ಬಾರಿಸೀತು ಎಂದೇ ಕಿವಿಗೊಟ್ಟಿದ್ದೆನೆಂದು ಆತ್ಮಕಥೆಯಲ್ಲಿ ಬರೆದಿದ್ದಾಳೆ. ಲಿಸಿಯೂವಿನ ಪುಟ್ಟ ತೆರೇಸಾ 24ನೇ ವಯಸ್ಸಿಗೇ, 1897ರಲ್ಲಿ, ತೀರಿಕೊಂಡವಳು. ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಸುತ್ತಿದ್ದುದನ್ನು ಅವಳು ಮರೆಮಾಚಲಿಲ್ಲ. ತಂದೆತಾಯಿಗೆ ಎಚ್ಚರವಿರುವ ಮಗುವಿನಷ್ಟೇ ಮಲಗಿರುವ ಮಗುವೂ ಮುದ್ದು ಎಂದು ಸಮಾಧಾನ ಮಾಡಿಕೊಂಡಳು. ಒಬ್ಬಳೇ ಕೂತು ಜಪಸರ ಹೇಳುವುದು ದೇಹದಂಡನೆಗಿಂತಲೂ ಕಷ್ಟ ಎಂದವಳೂ ಅವಳೇ! ಆದರೂ ಹೇಳುವುದನ್ನು ಬಿಡಲಿಲ್ಲ. ಕೋಲ್ಕತ್ತದ ಮದರ್ ತೆರೇಸಾ ಅವರ ಪತ್ರಗಳು, ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ ಪ್ರಕಟವಾದಾಗ ಲೋಕವೇ ಬೆಚ್ಚಿತು. ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಅವರಿಗೆ ಆಗಿರಲಿಲ್ಲ. ಅಷ್ಟೂ ವರ್ಷ ಬೆಳಗಿನ ಬಲಿಪೂಜೆಯೂ ಪ್ರಾರ್ಥನೆಯೂ ನಡೆದೇ ಇತ್ತು. ಈ ಮೂವರ ಹೆಸರನ್ನೂ ನಮ್ಮ ಹೆಣ್ಣುಮಕ್ಕಳಿಗೆ ಇಡುತ್ತೇವೆ, ಅವರು ಪಟ್ಟ ಪಾಡನ್ನು ಮಾತ್ರ ಹೇಳಿಕೊಡುವುದಿಲ್ಲ.

ಇನ್ನೊಂದು ಆಕ್ಷೇಪ ಬರುವುದು ಪ್ರಾಟೆಸ್ಟೆಂಟ್ ಗೆಳತಿಯರಿಂದ. ಹೇಳಿದ್ದನ್ನೇ ಹೇಳಬೇಡಿ ಎಂದು ಯೇಸುವೇ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಅಂದಿಲ್ಲವೇ ಎಂದು. ಅಂದಿದ್ದಾರೆ, ನಿಜ. ಮಾತು ಹೆಚ್ಚಾದರೆ ದೇವರು ಮಣಿಯುತ್ತಾನೆ ಎಂದು ತಿಳಿಯುವವರಿಗೆ ಅಂದ ಮಾತು ಅದು. ಗೆತ್ಸೆಮನೆ ತೋಪಿನಲ್ಲಿ ಅದೇ ಯೇಸು ಮೂರನೆಯ ಸಲ ಹೋಗಿ ಮೊದಲು ಹೇಳಿದ ಮಾತನ್ನೇ ಹೇಳಿ ಪ್ರಾರ್ಥಿಸಿದರೆಂದು ಮತ್ತಾಯನು ಬರೆದಿದ್ದಾನೆ. 136ನೇ ಕೀರ್ತನೆಯಲ್ಲಿ ದೇವರ ಪ್ರೀತಿ ಶಾಶ್ವತ ಎಂಬ ಒಂದೇ ಪಲ್ಲವಿ 26 ಸಲ ಬರುತ್ತದೆ. ಸಂಕಟದಲ್ಲಿರುವವರಿಗೆ ಹೊಸ ಮಾತು ಹೊಳೆಯುವುದಿಲ್ಲ, ಗೊತ್ತಿರುವ ಮಾತೇ ಬಾಯಿಗೆ ಬರುವುದು. ಮಾವನವರು ಕೊನೆಯ ದಿನಗಳಲ್ಲಿ ನಮ್ಮ ಹೆಸರುಗಳನ್ನೆಲ್ಲ ಮರೆತಿದ್ದರು. 'ನಮಾನ್ ಮರಿಯೆ' ಎಂದು ನಾವು ಶುರು ಮಾಡಿದರೆ ಉಳಿದರ್ಧವನ್ನು ತಪ್ಪಿಲ್ಲದೆ ಹೇಳುತ್ತಿದ್ದರು.

ಜಪಸರದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದರ ವಾರದ ಕಟ್ಟಳೆ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರ ಬೆಳಕಿನವು, ಇವನ್ನು ಪೋಪ್ ಎರಡನೆಯ ಜಾನ್ ಪಾಲ್ 2002ರಲ್ಲಿ ಸೇರಿಸಿದರು. (ಅತ್ತೆ ಇವನ್ನು ಒಪ್ಪಿಕೊಳ್ಳುವುದಕ್ಕೆ ಬಹಳ ಕಾಲ ಹಿಡಿಯಿತು. ಅವರ ಬಾಲ್ಯದ ಗುರುವಾರಗಳೆಲ್ಲ ಸಂತೋಷದವಾಗಿದ್ದವು.) ಮೈದುನನ ಮದುವೆಯ ಹಿಂದಿನ ದಿನ, ಮದುಮಗನಿಗೆ ತೆಂಗಿನ ಹಾಲು ಹಚ್ಚುವ ರೋಸ್ ಸಂಭ್ರಮಕ್ಕೆ ತೆಂಗಿನಕಾಯಿ ತುರಿದು ಹಾಲು ಹಿಂಡುತ್ತಿದ್ದ ಹೊತ್ತಿನಲ್ಲಿ ಜಪಸರಕ್ಕೆ ಕರೆ ಬಂತು. ಅಂದು ಮಂಗಳವಾರ. ಮದುವೆ ಮನೆಯಲ್ಲಿ ಚಾವಟಿ ಏಟು, ಮುಳ್ಳಿನ ಕಿರೀಟವನ್ನೆಲ್ಲ ಧ್ಯಾನಿಸುವುದೇ? ಕಾನಾ ಊರಿನ ಮದುವೆ ಬರುತ್ತದಲ್ಲ, ಆ ಬೆಳಕಿನ ರಹಸ್ಯಗಳನ್ನಾದರೂ ಹೇಳೋಣ ಎಂದು ನೆಂಟರ ಹುಡುಗಿಯೊಬ್ಬಳು ಸೂಚಿಸಿದಳು. "ಮದುವೆ ನಮ್ಮದು, ಮಂಗಳವಾರ ಎಲ್ಲರದು" ಎಂದರು ಅತ್ತೆ.

ಆ ಮಾತಿನ ತೂಕ ನನಗೆ ಗೊತ್ತಾಗಿದ್ದು ಮಾವ ಹೋದ ವಾರದಲ್ಲಿ. ಮಣ್ಣು ಮಾಡಿ ಬಂದ ಸಂಜೆ ಸೋಮವಾರವಾಗಿತ್ತು. ದೇವದೂತನ ವಾರ್ತೆ, ಮರಿಯಮ್ಮ ಎಲಿಜಬೇತಳನ್ನು ನೋಡಲು ಹೋದದ್ದು, ಬೆತ್ಲೆಹೇಮಿನ ಕೊಟ್ಟಿಗೆ. ಅತ್ತುಕೊಂಡೇ ಸಂತೋಷದ ರಹಸ್ಯಗಳನ್ನು ಹೇಳಿದೆವು. ನಮ್ಮ ಮನಸ್ಸಿಗೆ ಬಿಟ್ಟಿದ್ದರೆ ಅಂದು ದುಃಖವನ್ನೇ ಆರಿಸಿಕೊಳ್ಳುತ್ತಿದ್ದೆವು, ಅಥವಾ ಏನನ್ನೂ ಹೇಳುತ್ತಿರಲಿಲ್ಲ. ನಿತ್ಯದ ಪ್ರಾರ್ಥನೆ 'ಇಂದು ನಿನ್ನ ಮನಸ್ಸು ಹೇಗಿದೆ' ಎಂದು ಕೇಳಿಕೊಂಡು ಬರುವುದಿಲ್ಲ. ಅದರ ಕರುಣೆ ಇರುವುದೇ ಅಲ್ಲಿ. ಮನಸ್ಸಿದ್ದಾಗ ಮಾತ್ರ ಪ್ರಾರ್ಥಿಸುವವರು ಮನಸ್ಸು ಮುರಿದ ದಿನ ಯಾವ ಬಾಗಿಲಿಗೆ ಹೋಗಬೇಕು?

ಬಲ್ಮಠದ ಗೆಳತಿಯ ಮನೆಯ ರೀತಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯವರು ಅವರು. ಬೆಳಗಿನ ಕಾಫಿಗೆ ಮೊದಲು ಬೈಬಲಿನ ಒಂದು ಭಾಗ ಓದಿ, ಒಂದು ಹಾಡು ಹಾಡಿ, ಮನೆಯ ಯಜಮಾನರು ಸ್ವಂತ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ಮಣಿಯಿಲ್ಲ, ಎಣಿಕೆಯಿಲ್ಲ. ಆದರೆ ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯನ್ ಕ್ರೈಸ್ತರು 1731ರಿಂದ ಅಚ್ಚು ಹಾಕುತ್ತ ಬಂದಿರುವ ದಿನವಚನಗಳ ಸಂಗತಿ ಕೇಳಿದಾಗ ನನಗೆ ನಮ್ಮ ಮಂಗಳವಾರವೇ ನೆನಪಾಯಿತು. ವರ್ಷದ ಪ್ರತಿ ದಿನಕ್ಕೂ ಹಳೆಯ ಒಡಂಬಡಿಕೆಯ ಒಂದೊಂದು ವಚನವನ್ನು ಅವರು ಚೀಟಿ ಎತ್ತಿ ನಿಗದಿ ಮಾಡುತ್ತಾರೆ. ಇಷ್ಟವಾದದ್ದನ್ನು ಹುಡುಕಿಕೊಳ್ಳುವ ಹಾಗಿಲ್ಲ, ಬಂದದ್ದನ್ನು ಕೇಳಿಸಿಕೊಳ್ಳಬೇಕು.

ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಕೊಟ್ಟ ಆಹಾರವಾದ ಮನ್ನಾ ಸಿಕ್ಕಿದ್ದೂ ಹೀಗೆಯೇ. ಅಂದಂದಿನದನ್ನು ಅಂದಂದೇ ಕೂಡಿಸಿಕೊಳ್ಳಬೇಕು, ನಾಳೆಗೆಂದು ಎತ್ತಿಟ್ಟರೆ ಹುಳ ಬಿದ್ದು ನಾರುತ್ತಿತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಇಮ್ಮಡಿ. ಅತ್ತೂರಿನಲ್ಲಿ ಉರಿಸಿದ ಮೇಣದಬತ್ತಿಗಳನ್ನು ಜುಲೈ ತಿಂಗಳಿನ ತನಕ ಲೆಕ್ಕಕ್ಕೆ ಹಿಡಿಯುವ ನಮ್ಮಂಥವರು ಓದಬೇಕಾದ ಅಧ್ಯಾಯ ಬೈಬಲಿನ ವಿಮೋಚನಕಾಂಡದ 16. ಯೇಸು ಕಲಿಸಿದ ಪ್ರಾರ್ಥನೆಯಲ್ಲಿಯೂ ಕೇಳುವುದು ಅನುದಿನದ ಆಹಾರವನ್ನು, ತಿಂಗಳ ರೇಷನ್ನನ್ನಲ್ಲ.

ನಡೆಸಿಕೊಂಡು ಹೋಗುವ ಉಪಾಯಗಳು ಸಣ್ಣವು. ಹೊತ್ತು ಬದಲಿಸಬಾರದು. ಬೇಗ ಮುಗಿಸಿ ಎದ್ದರೆ ಪಾಪವಿಲ್ಲ, ನಾಳೆ ಇಮ್ಮಡಿ ಹೇಳುತ್ತೇನೆ ಎಂಬುದು ಮಾತ್ರ ಅಪಾಯ. ನೆಂಟರು ಬಂದರೆ ನಿಲ್ಲಿಸಬಾರದು, ಅವರಿಗೂ ಒಂದು ರಹಸ್ಯ ಕೊಡಬೇಕು. ಮೈದುನನ ಸಂಸಾರ ಕುವೈತಿನಲ್ಲಿದೆ. ಭಾನುವಾರ ನಮ್ಮ ಏಳು ಗಂಟೆ ಅವರ ನಾಲ್ಕೂವರೆ, ಮೊಬೈಲನ್ನು ದೇವರ ಗೂಡಿಗೆ ಒರಗಿಸಿ ಅವರನ್ನೂ ಸೇರಿಸಿಕೊಳ್ಳುತ್ತೇವೆ. ಅವರ ಉತ್ತರಾರ್ಧ ನಮ್ಮ ಮುಂದಿನ ಪೂರ್ವಾರ್ಧದ ಮೇಲೆ ಬಂದು ಬೀಳುತ್ತದೆ. ಮೊದಮೊದಲು ಮಕ್ಕಳು ನಕ್ಕರು, ಈಗ ಯಾರಿಗೂ ಅದು ಕೇಳಿಸುವುದೇ ಇಲ್ಲ.

ಜಪಸರ ಮುಗಿದ ಮೇಲೆ ಬರುವುದು ಅತ್ತೆಯ ಪಟ್ಟಿ. ಮನೆಯ ಮೃತರಿಗೊಂದು 'ನಮ್ಮ ತಂದೆಯೇ', ಕಾಯಿಲೆಯವರಿಗೊಂದು, ಪರೀಕ್ಷೆ ಬರೆಯುವವರಿಗೊಂದು, ಯಾರೂ ನೆನೆಯದ ಆತ್ಮಗಳಿಗೊಂದು. ಹೆಸರುಗಳು ಸೇರುತ್ತವೆಯೇ ಹೊರತು ಬಿಟ್ಟುಹೋಗುವುದಿಲ್ಲ. ಬಾಡಿಗೆ ಮನೆಯ ವಿಷಯದಲ್ಲಿ ನಮ್ಮ ಮೇಲೆ ದಾವೆ ಹೂಡಿದ್ದವರ ಹೆಸರೂ ಅದರಲ್ಲಿದೆ. ಸೇರಿಸಿದ ಮೊದಲ ದಿನ ನನ್ನ ಯಜಮಾನರು ಎದ್ದು ಹೊರಗೆ ಹೋಗಿದ್ದರು, ಈಗ ಅವರೂ ಗೊಣಗಿಕೊಂಡೇ 'ಆಮೆನ್' ಎನ್ನುತ್ತಾರೆ. ಅದಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳಬೇಕು. ಮೊನ್ನೆ ಸಣ್ಣವನು ಕಾಲು ಮುರಿದುಕೊಂಡ ಬೀದಿನಾಯಿಯ ಹೆಸರನ್ನು ಪಟ್ಟಿಗೆ ಸೇರಿಸಬೇಕೆಂದು ಹಟ ಹಿಡಿದ. ನಾಯಿಗೆ 'ನಮ್ಮ ತಂದೆಯೇ' ಸಲ್ಲುತ್ತದೆಯೇ ಎಂದು ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಒಂದು 'ನಮಾನ್ ಮರಿಯೆ' ಆಗಬಹುದು, ಆದರೆ ಅದನ್ನು ಅವನೇ ಹೇಳಬೇಕು, ನಾಯಿಯ ಕಾಲು ನೆಟ್ಟಗಾಗುವ ತನಕ ಒಂದು ದಿನವೂ ತಪ್ಪಿಸಬಾರದು ಎಂದು ತೀರ್ಪು ಕೊಟ್ಟರು.