ಎರಡು ಮನೆಯ ಕೂಸುಗಳಿಗೆ ಒಬ್ಬರೇ ಆಯಾ: ಸಂಬಳ ನಿಗದಿ ಮಾಡಿದ ಬಗೆ

ಹೆರಿಗೆ ರಜೆಯ 26 ವಾರಗಳು ಮುಗಿಯುತ್ತಿದ್ದಂತೆ, ಹಿರಿಯರು ಜೊತೆಯಲ್ಲಿಲ್ಲದ ಮನೆಗಳಲ್ಲಿ ಕೂಸನ್ನು ಯಾರ ಕೈಗೆ ಒಪ್ಪಿಸುವುದು ಎಂಬ ಚಿಂತೆ ಶುರುವಾಗುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿರುವ ನಾವು, ಪಕ್ಕದ ಬೀದಿಯ ಇನ್ನೊಂದು ಕುಟುಂಬದ ಜೊತೆ ಮಾತಾಡಿಕೊಂಡು, ಎರಡೂ ಮಕ್ಕಳನ್ನು ಒಂದೇ ಮನೆಯಲ್ಲಿ ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಗೊತ್ತು ಮಾಡಿಕೊಂಡೆವು. ಒಂದು ವಾರ ನಮ್ಮ ಮನೆ, ಮರುವಾರ ಅವರ ಮನೆ.

ಒಂದು ಮಗುವಿಗೆ ಕೊಡುವ ಸಂಬಳವನ್ನೇ ಎರಡು ಮನೆಯವರು ಅರ್ಧರ್ಧ ಹಂಚಿಕೊಂಡರಾಯಿತು ಎಂದು ಪರಿಚಿತರು ಅನೇಕರು ಸಲಹೆ ಕೊಟ್ಟರು. ಇದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೇ ಮಗುವಾದರೆ ಅದು ಮಲಗಿದ ಹೊತ್ತಿನಲ್ಲಿ ನೋಡಿಕೊಳ್ಳುವವರು ಊಟ ಮಾಡಬಹುದು, ಕಾಲು ಚಾಚಿ ಕೂರಬಹುದು. ಎರಡಾದಾಗ ಒಂದು ಮಲಗುವಷ್ಟರಲ್ಲಿ ಇನ್ನೊಂದು ಏಳುವುದರಿಂದ, ದಿನದ ಆ ಬಿಡುವೇ ಇಲ್ಲವಾಗುತ್ತದೆ. ಹಾಗೆಂದು ಕೆಲಸ ಪೂರ್ತಿ ಇಮ್ಮಡಿಯಾಗುವುದೂ ಇಲ್ಲ. ಆದ್ದರಿಂದ ನಾವು ಒಂದೂವರೆ ಪಟ್ಟು ಎಂದು ನಿಶ್ಚಯಿಸಿದೆವು. ಲೆಕ್ಕಕ್ಕೆ ಹೇಳುವುದಾದರೆ, ಒಂದು ಮಗುವಿಗೆ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಂಡರೆ, ಎರಡಕ್ಕೆ 18,000. ಒಂದೊಂದು ಮನೆಗೆ ಬರುವ ಪಾಲು 9,000. ಒಂದೊಂದು ಮನೆಗೂ ಕಾಲು ಭಾಗ ಉಳಿಯುತ್ತದೆ, ನೋಡಿಕೊಳ್ಳುವವರಿಗೆ ಅರ್ಧ ಹೆಚ್ಚುತ್ತದೆ. ಉಳಿತಾಯವೆಲ್ಲ ನಮ್ಮ ಕಡೆಗೇ ಬಂದರೆ ಅದನ್ನು ಹಂಚಿಕೆ ಎನ್ನಲಾಗದು.

ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲೇ ನಿಗದಿ ಮಾಡಿದೆ, ಆಮೇಲೆ ಪರಿಷ್ಕರಿಸಿಯೂ ಇದೆ. ಆದರೆ ಅದು ಯಾವ ಕಾರಣಕ್ಕೂ ಅದಕ್ಕಿಂತ ಕಡಿಮೆ ಕೊಡಬಾರದ ಮೊತ್ತವೇ ಹೊರತು, ಅಷ್ಟು ಕೊಟ್ಟರೆ ಸಾಕೆಂಬ ಅಳತೆಯಲ್ಲ. ಅಲ್ಲದೆ ಮಲೆನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯಲು ಹೋಗುವ ಹೆಂಗಸರಿಗೆ ಸುಲಿದಷ್ಟಕ್ಕೂ ಕೂಲಿ ಸಿಗುತ್ತದೆ. ಆ ದುಡಿಮೆಯನ್ನು ಬಿಟ್ಟು ನಮ್ಮಲ್ಲಿಗೆ ಬರುವವರಿಗೆ, ಅಲ್ಲಿ ಕಳೆದುಕೊಳ್ಳುವ ಆದಾಯವನ್ನು ಗಮನದಲ್ಲಿಟ್ಟುಕೊಂಡೇ ಸಂಬಳ ಹೇಳಬೇಕು.

ನೋಡಿಕೊಳ್ಳುವವರ ಬಸ್ಸಿನ ಖರ್ಚನ್ನು ಸಂಬಳದಲ್ಲಿ ಸೇರಿಸದೆ ಬೇರೆಯಾಗಿಯೇ ಕೊಡುತ್ತೇವೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಅವರು ಹತ್ತುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಸಲೇಬೇಕು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಮಳೆಗಾಲದ ವಿಷಯ. ಜುಲೈ ತಿಂಗಳಲ್ಲಿ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಶಾಲೆ, ಅಂಗನವಾಡಿಗಳಿಗೆ ರಜೆ ಘೋಷಿಸುತ್ತಾರೆ, ನಮ್ಮ ಕಚೇರಿಗಳಿಗೆ ರಜೆ ಇರುವುದಿಲ್ಲ. ಆ ದಿನ ನಮ್ಮ ಮಕ್ಕಳನ್ನು ನೋಡಿಕೊಳ್ಳಬೇಕಾದವರ ಸ್ವಂತ ಮಗುವೇ ಮನೆಯಲ್ಲಿ ಒಂಟಿಯಾಗುತ್ತದೆ. ಅಂಥ ದಿನಗಳಲ್ಲಿ ಅವರು ತಮ್ಮ ಮಗುವನ್ನೂ ಕರೆತರಬಹುದು, ಬಸ್ಸೇ ಬಾರದಿದ್ದರೆ ಸಂಬಳ ಕಡಿತವಾಗದು ಎಂದು ಒಪ್ಪಿಕೊಂಡೆವು. ನನ್ನ ದೃಷ್ಟಿಯಲ್ಲಿ ಸಂಬಳದ ಮೊತ್ತದಷ್ಟೇ ಮಹತ್ವದ ಕರಾರು ಇದು.

ಹಾಗೆಯೇ, ಒಂದು ಕುಟುಂಬ ಹಬ್ಬಕ್ಕೆಂದು ಊರಿಗೆ ಹೋಗಿ ವಾರಗಟ್ಟಲೆ ಉಳಿದರೂ ಆ ಕುಟುಂಬದ ಪಾಲು ಎಂದಿನಂತೆ ಸಲ್ಲಬೇಕು. ರಜೆ ಹಾಕಿದವರು ನಾವು, ಅವರಲ್ಲ. ಭಾನುವಾರ ಬಿಡುವು, ಜ್ವರ ಬಂದರೆ ಸಂಬಳಸಹಿತ ರಜೆ. ಗ್ಯಾಸ್, ಹಾಲು, ಅವರ ಊಟದ ಖರ್ಚು ಆ ವಾರದ ಮನೆಯವರದು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಅವರ ಕೆಲಸವಲ್ಲ.

ಇಷ್ಟನ್ನೂ ಕನ್ನಡದಲ್ಲಿ ಬರೆದು, ಅವರಿಗೆ ಓದಿ ಹೇಳಿ, ಅವರು ಸೂಚಿಸಿದ ತಿದ್ದುಪಡಿಗಳನ್ನು ಸೇರಿಸಿ, ಮೂವರೂ ಸಹಿ ಹಾಕಿದ್ದೇವೆ. ಒಂದು ಮನೆಯವರಿಗೆ ವರ್ಗಾವಣೆಯಾಗಿಯೋ ಮಗು ಶಾಲೆಗೆ ಸೇರಿಯೋ ಈ ವ್ಯವಸ್ಥೆಯಿಂದ ಹೊರಬರುವುದಾದರೆ, ಎರಡು ತಿಂಗಳು ಮುಂಚೆ ತಿಳಿಸಬೇಕು, ತಿಳಿಸದಿದ್ದರೆ ಆ ಎರಡು ತಿಂಗಳ ಪಾಲನ್ನು ಕೊಟ್ಟೇ ಹೋಗಬೇಕು ಎಂಬ ಸಾಲನ್ನು ಸೇರಿಸಿದವರು ಮಕ್ಕಳನ್ನು ನೋಡಿಕೊಳ್ಳುವ ಅವರೇ.