ಕವೆಂಟ್ರಿಯ ಬೈಕಿಗೆ ಅಂತರಸನಹಳ್ಳಿಯ ಬುಷ್

ಇಂಗ್ಲೆಂಡಿನಲ್ಲಿ ದೊಡ್ಡ ಬೈಕು ಇಟ್ಟುಕೊಂಡವರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿದೆ. ಬೇಕಾದ ಸಣ್ಣಪುಟ್ಟ ಭಾಗಗಳನ್ನು ಮನೆ ಹಿಂದಿನ ಶೆಡ್ಡಿನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಮೇಷ್ಟ್ರಾಗಿರಲಿ, ಬ್ಯಾಂಕಿನವರಾಗಿರಲಿ, ಒಂದು ವೈಸು, ನಾಲ್ಕಾರು ಅರ, ಡ್ರಿಲ್ಲು ಇರುತ್ತೆ. ಕೂಲಿ ದುಬಾರಿ ಅನ್ನೋದು ಒಂದು ಕಾರಣ. ಇನ್ನೊಂದು, ನಾನಿರುವ ಕವೆಂಟ್ರಿ ಊರೇ ಅಂಥದ್ದು. ಟ್ರಯಂಫ್ ಬೈಕು ಹುಟ್ಟಿದ್ದು ಇಲ್ಲೇ. 1940ರ ನವೆಂಬರ್ ಬಾಂಬ್ ದಾಳಿಯಲ್ಲಿ ಆ ಕಾರ್ಖಾನೆ ಹಾಳಾಗಿ, ಹತ್ತಿರದ ಮೆರಿಡನ್‌ಗೆ ಹೋಯಿತು. 1983ರಲ್ಲಿ ಅದೂ ಮುಚ್ಚಿತು. ಕಾರ್ಖಾನೆ ಹೋದರೂ ಕೈಕೆಲಸದ ಮೇಲಿನ ಪ್ರೀತಿ ಹೋಗಿಲ್ಲ.

ನನ್ನದು ಸಾವಿರ ಸಿಸಿ ದಾಟಿದ ವಿ-ಟ್ವಿನ್ (ಎರಡು ಸಿಲಿಂಡರ್ V ಆಕಾರದಲ್ಲಿರುವ) ಗಾಡಿ, 230 ಕೆಜಿ ಆಸುಪಾಸು ತೂಕ. ಎಂಜಿನ್ ಚಿನ್ನ. ತೊಂದರೆ ಇದ್ದದ್ದು ಮುಂದಿನ ವಿಂಡ್‌ಸ್ಕ್ರೀನಿನದು. ಹೆದ್ದಾರಿಗೆ ಬಿದ್ದರೆ ಸಾಕು, ಯಾರೋ ಹೆಲ್ಮೆಟ್ ಹಿಡಿದು ಅಲ್ಲಾಡಿಸಿದ ಹಾಗೆ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆಲ್ಲ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು.

ಸ್ಕ್ರೀನಿನ ಮೇಲಿಂದ ಗಾಳಿ ರಭಸವಾಗಿ ಹಾಯುವಾಗ ಅದರ ಹಿಂದೆ ಒತ್ತಡ ಕಡಿಮೆಯಾಗುತ್ತೆ. ಆ ಜಾಗಕ್ಕೆ ಗಾಳಿ ಸುಳಿ ಸುಳಿಯಾಗಿ ನುಗ್ಗುತ್ತೆ. ಆ ಸುಳಿ ಬಂದು ಬಡಿಯೋದು ಹೆಲ್ಮೆಟ್ಟಿಗೆ. ಇನ್ನೂ ಎತ್ತರದ ಸ್ಕ್ರೀನ್ ಹಾಕಿದರೆ ಸರಿಹೋಗುತ್ತೆ ಅಂತ ಜನ ದುಡ್ಡು ಸುರಿಯುತ್ತಾರೆ. ಎಷ್ಟೋ ಸಲ ಕಾಟ ಜಾಸ್ತಿಯೇ ಆಗುತ್ತೆ. ಬೇಕಾದದ್ದು ಸ್ಕ್ರೀನಿನ ಬುಡದಲ್ಲಿ ಒಂದು ಸಂದಿ. ಕೆಳಗಿನಿಂದ ಒಂದಿಷ್ಟು ಗಾಳಿ ಸಲೀಸಾಗಿ ಒಳಗೆ ಬಂದರೆ ಒತ್ತಡ ಸಮವಾಗುತ್ತೆ. ಅಂದರೆ ಸ್ಕ್ರೀನನ್ನು ಸ್ವಲ್ಪ ಮುಂದಕ್ಕೆ, ಮೇಲಕ್ಕೆ ತರುವ ಬ್ರ್ಯಾಕೆಟ್ ಬೇಕು. ಬಾಗು ಎಷ್ಟಿರಬೇಕು ಅನ್ನೋದು ಸವಾರನ ಎತ್ತರದ ಮೇಲೆ ಹೋಗುತ್ತೆ. ಹಾಗಾಗಿ ಅದನ್ನು ಹೆಚ್ಚು ಕಡಿಮೆ ಮಾಡುವಂತಿರಬೇಕು.

ಮೊದಲು ರಟ್ಟಿನಲ್ಲಿ ಕತ್ತರಿಸಿ ಬೈಕಿಗೆ ಇಟ್ಟು ನೋಡಿದೆ. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿದಾಗ ಯಾವುದಕ್ಕೂ ತಾಗಬಾರದು. ಇದನ್ನು ನೋಡದೆ ಲೋಹಕ್ಕೆ ಕೈ ಹಾಕಲೇಬಾರದು. ಆಮೇಲೆ 5 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ತಂದೆ. ಇಲ್ಲಿ ಸುಲಭವಾಗಿ ಸಿಗುವುದು 6082 ದರ್ಜೆಯದು. ಗಟ್ಟಿ ಮಾಲು, ಆದರೆ ಚೂಪಾಗಿ ಬಗ್ಗಿಸಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತೆ. ಅದಕ್ಕೇ ಬಗ್ಗಿಸುವ ಗೋಜೇ ಬೇಡವೆಂದು ಚಪ್ಪಟೆ ಪಟ್ಟಿಗಳನ್ನೇ ಇಟ್ಟು, ನಡುವೆ ಬುಷ್, ಅಂದರೆ ತೂತಿರುವ ಸಣ್ಣ ಲೋಹದ ಉರುಳೆ, ಕೊಟ್ಟು ದೂರ ತಂದೆ.

ಬೋಲ್ಟು ಜಾರಿಸಲು ಉದ್ದನೆಯ ಸೀಳು ಬೇಕಲ್ವಾ, ಅದಕ್ಕೆ ಸಾಲಾಗಿ ತೂತು ಕೊರೆದು ನಡುವಿನದನ್ನು ಅರದಿಂದ ತೆಗೆದೆ. ಅಲ್ಯೂಮಿನಿಯಂ ಮೆತ್ತಗೆ, ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತೆ. ಮೆತ್ತಿದ ಚೂರು ತಗಡಿನ ಮೇಲೆ ಗೀರು ಎಳೆಯುತ್ತೆ. ತುಮಕೂರಿನ ಅಂತರಸನಹಳ್ಳಿಯಲ್ಲಿ ಲೇತ್ ಇಟ್ಟಿರುವ ನನ್ನ ಮಾವ ಅರಕ್ಕೆ ಸೀಮೆಸುಣ್ಣ ಉಜ್ಜುವುದನ್ನು ಚಿಕ್ಕಂದಿನಲ್ಲೇ ನೋಡಿದ್ದೆ. ಹಾಗೇ ಮಾಡಿದೆ. ಅರ ಹಾಯಾಗಿ ಓಡಿತು, ಬಿಳಿ ಪುಡಿ ಉದುರಿತು, ಅಂಚು ಕನ್ನಡಿಯಂತೆ ಬಂತು. ಪಕ್ಕದ ಮನೆಯ ಹಿರಿಯರು ಆ ಅಂಚಿನ ಮೇಲೆ ಬೆರಳಾಡಿಸಿ, ಯಾರು ಕಲಿಸಿದ್ದು ಅಂತ ಕೇಳಿದರು.

ಬುಷ್‌ಗಳನ್ನು ರಜೆಗೆ ಊರಿಗೆ ಹೋದಾಗ ಮಾವನ ಹತ್ತಿರವೇ ಮಾಡಿಸಿದೆ. ದಿನವಿಡೀ ಬೋರ್‌ವೆಲ್ ಮೋಟರಿನ ಶಾಫ್ಟು, ಟ್ರ್ಯಾಕ್ಟರ್ ಟ್ರೈಲರಿನ ಪಿನ್ನು ಬರುವ ಅಂಗಡಿ ಅದು. ಮೊಬೈಲಿನಲ್ಲಿ ಫೋಟೊ ತೋರಿಸಿದೆ.

‘ಫೋಟೊ ಇಟ್ಕೊಂಡು ನಾನೇನು ಮಾಡ್ಲಿ ಕಣೋ? ಒಳಗಿನ ಅಳತೆ ಎಷ್ಟು, ಹೊರಗಿನದು ಎಷ್ಟು, ಬರಿ’ ಅಂದರು ಮಾವ.

ಬರೆದುಕೊಟ್ಟೆ. ನಾಲ್ಕು ಬುಷ್, ಅಳೆಯುವ ವರ್ನಿಯರ್ ಇಟ್ಟರೆ ನಾಲ್ಕೂ ಒಂದೇ ಅಳತೆ. ಇಂಥ ಕೈ ನಮ್ಮ ಬೀದಿಬೀದಿಯಲ್ಲಿದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಕೊಡುವ ಮರ್ಯಾದೆ ನೋಡಿದಾಗೆಲ್ಲ, ಲೇತ್ ಕೆಲಸ ಓದು ಹತ್ತದವರಿಗೆ ಅನ್ನುವ ನಮ್ಮೂರಿನ ಮಾತು ನೆನಪಾಗಿ ಬೇಜಾರಾಗುತ್ತೆ.

ಊರಿನಲ್ಲಿ ತಲೆಗೆ ಬಾರದ ಒಂದು ಸಂಗತಿ ಇಲ್ಲಿದೆ: ಉಪ್ಪು. ಚಳಿಗಾಲದಲ್ಲಿ ಮಂಜು ಗಟ್ಟದಂತೆ ರಸ್ತೆಗೆ ಉಪ್ಪು ಎರಚುತ್ತಾರೆ. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂಗೆ ತಾಗಿಕೊಂಡಿದ್ದು ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತೆ, ಬೋಲ್ಟು ಕಚ್ಚಿಕೊಳ್ಳುತ್ತೆ. ಅದಕ್ಕೆ ಥ್ರೆಡ್ಡಿಗೆ ಆಂಟಿ-ಸೀಜ್ ಪೇಸ್ಟು, ತಲೆ ಕೆಳಗೆ ನೈಲಾನ್ ವಾಷರ್.

ಬ್ರೇಕು, ಆಕ್ಸಲ್, ಫೋರ್ಕು, ಹ್ಯಾಂಡಲ್ ಕ್ಲ್ಯಾಂಪು, ಇವಕ್ಕೆ ನಾನು ಕೈ ಹಚ್ಚುವುದಿಲ್ಲ. ಫ್ರೇಮಿಗೆ ತೂತು ಕೊರೆಯುವುದೂ ಇಲ್ಲ. ಬ್ರ್ಯಾಕೆಟ್ ಮುರಿದರೆ ಸ್ಕ್ರೀನ್ ಅಲ್ಲಾಡುತ್ತೆ, ಅಷ್ಟೆ. ಆಕ್ಸಲ್ ಮುರಿದರೆ ಜೀವ ಹೋಗುತ್ತೆ. ಇಲ್ಲಿ ಹೀಗೆ ಏನು ಬದಲಾಯಿಸಿದರೂ ಇನ್ಶೂರೆನ್ಸ್ ಕಂಪನಿಗೆ ಹೇಳಬೇಕು. ಮೂರು ವರ್ಷ ತುಂಬಿದ ಬೈಕನ್ನು ಪ್ರತಿ ವರ್ಷ ಎಂಒಟಿ ಅನ್ನುವ ಸುಸ್ಥಿತಿ ಪರೀಕ್ಷೆಗೆ ಒಯ್ಯಬೇಕು.

ಊರಿನಲ್ಲಿ ಮಾಡುವವರು ಕಾನೂನು ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಸೈಲೆನ್ಸರ್ ಕಿತ್ತು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸದ್ದು ಮಾಡುವುದನ್ನು ನಾನು ಈ ಕೆಲಸದ ಲೆಕ್ಕಕ್ಕೇ ಸೇರಿಸುವುದಿಲ್ಲ.

ಸ್ಕ್ರೀನ್ ಈಗ ಸುಮಾರು ಎರಡು ಬೆರಳು ಮುಂದಿದೆ. ಹೆಲ್ಮೆಟ್ಟಿಗೆ ಬರುವ ಗಾಳಿ ಒಂದೇ ಸಮ, ಕುತ್ತಿಗೆ ನೋವಿಲ್ಲ. ಮುಂದೆ ಸೈಡ್ ಸ್ಟ್ಯಾಂಡಿನ ಪಾದಕ್ಕೆ ಅಗಲದ ಪ್ಲೇಟು ಹಾಕಬೇಕು, ಮಳೆಗೆ ನೆನೆದ ಹುಲ್ಲಿನಲ್ಲಿ ಅದು ಹೂತುಹೋಗುತ್ತೆ. ಈ ಸಲ ಡ್ರಾಯಿಂಗ್ ಅಳತೆ ಸಮೇತ ಮೊದಲೇ ಮಾವನಿಗೆ ಕಳಿಸಿದ್ದೇನೆ.